ಗವಿಯವನಿಗೆ ಒಂದು ಲೋಟ ಗಾವಿ

ಸತ್ತವರ ಬಾಯಾರಿಕೆ ತಣಿಸುವುದು ಬದುಕಿರುವವರ ಮೊದಲ ಧರ್ಮ ಎಂದು ನಮ್ಮ ಕರಾವಳಿಯ ಹಿರಿಯರು ಹೇಳುತ್ತಿದ್ದರು. ಆದರೆ ಅದಕ್ಕೆ ಬೇಕಾದ ಪದಾರ್ಥ ಬಹ್ರೈನಿನ ಯಾವ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಫ್ರಿಜ್ಜಿನಲ್ಲಿ ಎಷ್ಟು ಹೊತ್ತು ಇಡಬೇಕು, ಅದರ ಜೊತೆಗೆ ಬಂಗುಡೆ ಮೀನು ಹೊಂದುತ್ತದೆಯೇ ಎಂಬ ವಿಷಯಗಳಲ್ಲಿ ಹಿರಿಯರು ಏನೂ ಹೇಳದೆ ತೀರಿಕೊಂಡಿದ್ದಾರೆ.

ನಾನು ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ನನ್ನ ಗೆಳೆಯ ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದ. ಹತ್ತೊಂಬತ್ತು ವರ್ಷ ನಾವಿಬ್ಬರೂ ಟುಬ್ಲಿಯ ಒಂದೇ ಫ್ಲ್ಯಾಟಿನಲ್ಲಿದ್ದೆವು. ನೆಲಮಹಡಿಯ ಮನೆ. ಅದಕ್ಕಿರುವ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಯನ್ನು ಎರಡು ಮೊಳ ದೂರದಿಂದ ನೋಡುತ್ತಾ ಕೂತಿದೆ. ಮೊದಲ ದಿನ ನಡುಮಧ್ಯಾಹ್ನ ಒಳಗೆ ಕಾಲಿಟ್ಟು, ಸ್ವಿಚ್ಚಿಗಾಗಿ ಗೋಡೆ ತಡಕಾಡುತ್ತಾ ಅವನು ಹೇಳಿದ್ದು: "ಇದು ಮನೆಯಲ್ಲ ಮಾರಾಯ, ಗವಿ."

ಅಂದಿನಿಂದ ಅದಕ್ಕೆ ಅದೇ ಹೆಸರು. "ಗವಿಗೆ ಮೊಸರು ಉಂಟಾ, ತರಬೇಕಾ?" "ಗವಿಯ ಏಸಿ ಪುನಃ ಕೈಕೊಟ್ಟಿತು." ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ. ಯಾವ ಪ್ರತಿಜ್ಞೆಯೂ ಇರಲಿಲ್ಲ. ಪ್ರತಿ ರಜೆಯಲ್ಲೂ ಊರಿಗೆ ಹೋಗಿ ಹೆಣ್ಣು ನೋಡುತ್ತಿದ್ದೆವು. ಒಂದು ರಜೆಯಲ್ಲಿ ನೋಡಲು ಯಾರೂ ಕರೆಯಲಿಲ್ಲ, ಅಷ್ಟೆ. ಋಷಿಗಳು ಗವಿ ಸೇರುವುದು ತಪಸ್ಸಿಗೆ. ನಾವು ಸೇರಿದ್ದು ಶುಕ್ರವಾರದ ಮೀನಿನ ಊಟಕ್ಕೆ. ಫಲ ಸಿಕ್ಕಿದ್ದು ನಮಗೇ ಹೆಚ್ಚು ಎಂದು ನನ್ನ ಅಂದಾಜು.

ಈ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ, ಗ್ಯಾರೇಜಿನಲ್ಲಿ ಎತ್ತಿ ನಿಲ್ಲಿಸಿದ ಪಿಕಪ್ಪಿನ ಕೆಳಗೆ ನಿಂತು ಮೆಕ್ಯಾನಿಕ್ ಒಬ್ಬನನ್ನು ಬೈಯುತ್ತಿದ್ದವನು ವಾಕ್ಯ ಪೂರ್ತಿ ಮಾಡಲಿಲ್ಲ. ಹೃದಯ. ಆಸ್ಪತ್ರೆ, ಎಂಬೆಸಿ, ವಿಮಾನದ ಕಾಗದ ಎಲ್ಲ ನಾನೇ ಓಡಾಡಿ ಮಾಡಿಸಿದೆ. ಶವಪೆಟ್ಟಿಗೆಯ ಜೊತೆ ಊರಿಗೆ ಹೋಗಬೇಕೆಂದು ಆಫೀಸಿನಲ್ಲಿ ರಜೆ ಕೇಳಿದೆ. ಫಾರ್ಮಿನಲ್ಲಿ 'ಮೃತರೊಂದಿಗೆ ಸಂಬಂಧ' ಎಂದು ಒಂದು ಕಾಲಂ. ನಾನು ಸತ್ಯವಂತನಾಗಿ 'ರೂಮ್‌ಮೇಟ್' ಎಂದು ಬರೆದೆ. ರೂಮ್‌ಮೇಟ್ ಸತ್ತರೆ ರಜೆ ಇಲ್ಲ ಎಂದು ತಿಳಿಯಿತು. ಪೆಟ್ಟಿಗೆ ಹೋಯಿತು, ನಾನು ಸ್ಟಾಕ್ ತಪಾಸಣೆಗೆ ಹೋದೆ.

ಆಮೇಲೆ ಗವಿಯಲ್ಲಿ ಒಬ್ಬನೇ. ಅದರ ವರ್ಣನೆ ಬೇಡ. ಒಂದು ಮಾತ್ರ ಹೇಳುತ್ತೇನೆ: ಎರಡು ತಿಂಗಳು ನಾನು ಮೀನು ತರಲಿಲ್ಲ. ಒಬ್ಬನಿಗಾಗಿ ಮೀನು ಕರಿದರೆ ವಾಸನೆ ಮಾತ್ರ ಇಬ್ಬರದ್ದೇ ಬರುತ್ತದೆ.

ಆಟಿ ತಿಂಗಳು, ಅಂದರೆ ಊರಿನ ಮಳೆಗಾಲದ ಆಷಾಢ, ಹತ್ತಿರ ಬರುವಾಗ ಅವನ ಅಕ್ಕ ಫೋನ್ ಮಾಡಿದರು. ಅಕ್ಕನನ್ನು ನಾನು ಒಂದೆರಡು ಸಲ ಊರಲ್ಲಿ ಕಂಡವನು, ಅಷ್ಟೇ ಪರಿಚಯ. ಕ್ಷೇಮಸಮಾಚಾರ ಮುಗಿದ ಮೇಲೆ ಕೇಳಿದರು: "ನಿಮಗೆ ಅವ ಕನಸಲ್ಲಿ ಬರ್ತಾನಾ?"

"ಇಲ್ಲ ಅಕ್ಕ."

"ನನಗೆ ಬರ್ತಾನೆ. ಬಾಗಿಲ ಹತ್ತಿರ ನಿಲ್ಲುದು, ಬಾಯಾರ್ತದೆ ಅಕ್ಕ ಅನ್ನುದು. ನೀರು ಕೊಟ್ಟರೆ ಮುಟ್ಟುದಿಲ್ಲ. ಮೂರು ಸಲ ಆಯ್ತು. ನನಗೆ ನಿದ್ದೆಯೇ ಹೆದರಿಕೆ ಆಗಿದೆ ಈಗ."

ನಮ್ಮ ಕಡೆ ತೀರಿಹೋದವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಪದ್ಧತಿ ಉಂಟು. ಸತ್ತವನಿಗೆ ಏನು ಇಷ್ಟವೋ ಅದನ್ನೇ ಮಾಡಿ, ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ಕಳ್ಳು ಇಟ್ಟು, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವನು ಬಂದು ಉಂಡು ಹೋಗುತ್ತಾನೆ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ಅದೇ ಎಲೆಯ ಊಟವನ್ನು ಎಲ್ಲರೂ ಹಂಚಿ ತಿನ್ನುವುದು. ಗೆಳೆಯನ ತರವಾಡು ಮನೆಯಲ್ಲೂ, ಅಂದರೆ ಕುಟುಂಬದ ಮೂಲಮನೆಯಲ್ಲೂ, ಇದು ತಪ್ಪಿದ್ದಿಲ್ಲ. ಆದರೆ ಮನೆಯ ಯಜಮಾನ ಅವನ ಅಣ್ಣ. ಅಣ್ಣ ಎರಡು ವರ್ಷದ ಹಿಂದೆ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷನಾದ. ಅಧ್ಯಕ್ಷನಾದವನು ಮೊದಲು ಜೀರ್ಣೋದ್ಧಾರ ಮಾಡಿದ್ದು ತನ್ನನ್ನೇ. ಮೀನು ಬಿಟ್ಟ, ಕೋಳಿ ಬಿಟ್ಟ, ಮನೆಯ ಹೊಸ್ತಿಲು ದಾಟಿ ಕಳ್ಳು ಬರಬಾರದೆಂದ.

"ಕುಲೆಗಳಿಗೂ ಈಗ ಪಾಯಸ ಮತ್ತೆ ಸೀಯಾಳ," ಎಂದರು ಅಕ್ಕ. "ಅವ ಬದುಕಿದ್ದಾಗ ಪಾಯಸ ಕಂಡರೆ ಎದ್ದು ಹೋಗುವವ. ಸತ್ತ ಮೇಲೆ ಕುಡೀತಾನಾ?"

"ನೀವೇ ನಿಮ್ಮ ಮನೆಯಲ್ಲಿ..."

"ನಾನು ಕೊಟ್ಟ ಹೆಣ್ಣಲ್ಲ? ಗಂಡನ ಮನೆಯಲ್ಲಿ ತವರಿನ ಕುಲೆಗೆ ಬಡಿಸ್ಲಿಕ್ಕೆ ಆಗುದಿಲ್ಲ. ನೀವು ಅಲ್ಲಿ ಬಡಿಸ್ತೀರಾ?"

ರಜೆಯ ಫಾರ್ಮಿನ ಆ ಕಾಲಂ ನನ್ನ ಕಣ್ಣ ಮುಂದೆ ಬಂತು. "ನಾನು ಸಂಬಂಧಿಕನಲ್ಲ ಅಕ್ಕ."

"ಅವ ಹತ್ತೊಂಬತ್ತು ವರ್ಷ ಉಂಡ ಮನೆ ಅದು. ಉಂಡ ಮನೆಯಲ್ಲಿ ಬಡಿಸಬಹುದು. ಅಣ್ಣನಿಗೆ ಹೇಳಬೇಡಿ. ಅಲ್ಲಿ ಕಳ್ಳು ಸಿಗ್ತದಾ?"

"ಇಲ್ಲ. ಖರ್ಜೂರದ ಮರ ಬೇಕಾದಷ್ಟು ಉಂಟು, ಹತ್ತಿ ಇಳಿಸುವವರಿಲ್ಲ."

ಅಕ್ಕ ಯೋಚಿಸಿದರು. ಆಮೇಲೆ ಮೂರು ಷರತ್ತು ಹಾಕಿದರು. ಬಿಳಿಯದಾಗಿರಬೇಕು. ಮರದಿಂದ ಬಂದದ್ದಾಗಿರಬೇಕು. ಬೆಂಕಿ ತಾಗಿರಬಾರದು.

ಆ ವಾರವಿಡೀ ನಾನು ಗೋದಾಮಿನಲ್ಲಿ ಈ ಮೂರು ಷರತ್ತುಗಳ ಮೇಲೆ ಶಾಸ್ತ್ರಾರ್ಥ ನಡೆಸಿದೆ. ವಿಸ್ಕಿ, ರಮ್, ಜಿನ್ ಎಲ್ಲವೂ ಬೆಂಕಿಯ ಮೇಲೆ ಭಟ್ಟಿ ಇಳಿಸಿದ್ದು, ತಿರಸ್ಕೃತ. ಬಿಯರಿಗೆ ಧಾನ್ಯ ಬೇಯಿಸುತ್ತಾರೆ, ಅದೂ ತಿರಸ್ಕೃತ. ಉಳಿದದ್ದು ದ್ರಾಕ್ಷಿಯ ವೈನ್ ಒಂದೇ. ಕೆಂಪು ಬಣ್ಣದ್ದು ಮೊದಲ ಷರತ್ತಿನಲ್ಲೇ ಬಿತ್ತು. ಬಿಳಿ ವೈನ್ ಉಳಿಯಿತು. ದ್ರಾಕ್ಷಿ ಮರವಲ್ಲ, ಬಳ್ಳಿ. ಈ ತೊಡಕನ್ನು ಫೋನಿನಲ್ಲಿ ಅಕ್ಕನ ಮುಂದಿಟ್ಟೆ. "ಬಳ್ಳಿಯೂ ಮರಕ್ಕೆ ತಂಗಿಯೇ," ಎಂದು ತೀರ್ಪು ಕೊಟ್ಟರು.

ಮದ್ಯದಂಗಡಿಗೆ ನಾನು ವರ್ಷಕ್ಕೆ ಒಮ್ಮೆ ಹೋಗುವವನು, ಅದೂ ಅವನ ಹಿಂದೆ. ಕೌಂಟರಿನಲ್ಲಿದ್ದವನು ಬಂಟ್ವಾಳ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್. ನನ್ನ ಇಂಗ್ಲಿಷಿನ ಎರಡು ಶಬ್ದ ಕೇಳಿಯೇ, "ಸರ್, ಊರಲ್ಲಿ ಎಲ್ಲಿ?" ಎಂದು ಕನ್ನಡಕ್ಕೆ ಇಳಿದ. ಬಿಳಿ ವೈನಿನ ಗೋಡೆಯೇ ಇತ್ತು ಅಲ್ಲಿ. ಅಷ್ಟು ಬಾಟಲಿಗಳ ನಡುವೆ ನಾನು ಮೂರ್ಖನಂತೆ ನಿಂತಿದ್ದಾಗ, ಎದೆಯ ಎತ್ತರದಲ್ಲಿ ಒಂದು ಹಸಿರು ಬಾಟಲಿಯ ಮೇಲೆ ಆ ನಾಲ್ಕು ಇಂಗ್ಲಿಷ್ ಅಕ್ಷರ ಕಂಡೆ: ಜಿ, ಎ, ವಿ, ಐ.

"ಗವಿ," ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಗಾವಿ ಸರ್. ಇಟಲಿಯದ್ದು. ಊರಿನ ಹೆಸರು ಅದು."

"ಇರಲಿ. ಇದರಲ್ಲಿ 'ಗವಿ ದಿ ಗವಿ' ಅಂತ ಉಂಟಲ್ಲ?"

"ಗಾವಿ ಊರಿನದ್ದೇ ಗಾವಿ ಅಂತ. ಸುತ್ತಮುತ್ತಲಿನದ್ದಲ್ಲ, ಸ್ವಂತ ಊರಿನದ್ದು."

ಗವಿಯದ್ದೇ ಗವಿ. ಇದಕ್ಕಿಂತ ಸ್ಪಷ್ಟವಾಗಿ ಯಾವ ಸತ್ತವನೂ ತನ್ನ ಲೋಟದ ಮೇಲೆ ಹೆಸರು ಬರೆಸಿಕೊಂಡಿರಲಾರ. ನಾನು ಬಾಟಲಿಯನ್ನು ಕೈಗೆ ತೆಗೆದುಕೊಂಡು ಬಿಡಲಿಲ್ಲ.

"ಒಳ್ಳೆಯದೇ ಸರ್. ತೆಳ್ಳಗೆ, ಹುಳಿ ಇರ್ತದೆ, ಮೀನಿಗೆ ಫಸ್ಟ್ ಕ್ಲಾಸ್. ಎಷ್ಟು ಜನರಿಗೆ?"

"ಒಬ್ಬನಿಗೆ."

"ಅವರು ಎಂತ ತಿಂತಾರೆ?"

"ಸದ್ಯಕ್ಕೆ ಏನೂ ತಿನ್ನುವುದಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಹೇಳಿದೆ. ಬಂಟ್ವಾಳದವನಿಗೆ ಕುಲೆ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಅಜ್ಜಿಯ ನೆರೆಮನೆಯವರು ಬಡಿಸುತ್ತಿದ್ದರಂತೆ. ಬಾಗಿಲು ತೆರೆದ ಮೇಲೆ ಒಂದು ತುಂಡು ಕೋಳಿ ಇವನಿಗೂ ಬರುತ್ತಿತ್ತಂತೆ. ತಕ್ಷಣ ಅವನ ಮಾತು ವ್ಯಾಪಾರ ಬಿಟ್ಟು ಸಮಾಲೋಚನೆಗೆ ತಿರುಗಿತು.

"ಅವರಿಗೆ ಯಾವುದು ಇಷ್ಟ?"

"ಬಂಗುಡೆ ಪುಳಿಮುಂಚಿ."

ಅವನು ತಲೆ ಅಲ್ಲಾಡಿಸಿದ. "ಆಗುದಿಲ್ಲ ಸರ್. ಅಷ್ಟು ಮೆಣಸು, ಅಷ್ಟು ಹುಳಿ. ವೈನ್ ಎಲ್ಲಿ ಹೋಯ್ತು ಅಂತಲೇ ಗೊತ್ತಾಗುದಿಲ್ಲ. ಇದಕ್ಕೆ ಸಪ್ಪೆ ಬೇಕು. ಬಿಳಿ ಮೀನು, ಬರೀ ಉಪ್ಪು, ಲಿಂಬೆ. ಸಿಗಡಿ, ಮರುವಾಯಿ ಹಾಗಿನ ಚಿಪ್ಪುಮೀನು. ಅಲ್ಲಿಯವರು ತುಳಸಿಯ ಹಾಗಿನ ಒಂದು ಎಲೆ ಅರೆದು ಶ್ಯಾವಿಗೆಗೆ ಕಲಸ್ತಾರೆ, ಅದಕ್ಕೂ ಆಗ್ತದೆ."

"ಅವನು ತುಳಸಿ ಕಂಡರೆ ಕೈಮುಗಿಯುವವನು, ತಿನ್ನುವವನಲ್ಲ."

"ನೀರುದೋಸೆ?"

"ತಿನ್ನುತ್ತಿದ್ದ."

"ಹಾಗಾದರೆ ನೀರುದೋಸೆ, ತೆಂಗಿನಹಾಲಿನ ಸಿಗಡಿ, ಸಾಫಿ ಫ್ರೈ. ಎರಡು ಗಂಟೆ ಫ್ರಿಜ್ಜಲ್ಲಿಡಿ. ತೆರೆದ ಮೇಲೆ ಮೂರು ದಿನ, ಜಾಸ್ತಿ ಇಡಬೇಡಿ. ಇದು ಹಳತಾದಷ್ಟು ಒಳ್ಳೆಯದಾಗುವ ಜಾತಿ ಅಲ್ಲ."

"ಅವನೂ ಅಲ್ಲ," ಎಂದೆ.

ಬಡಿಸುವುದು ನಮ್ಮಲ್ಲಿ ಸಾಮಾನ್ಯವಾಗಿ ಮುಸ್ಸಂಜೆಗೆ. ಆದರೆ ಅವನು ಶುಕ್ರವಾರ ಮಧ್ಯಾಹ್ನದ ಮನುಷ್ಯ; ಬೇರೆ ಹೊತ್ತಿಗೆ ಕರೆದರೆ ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಆಟಿಯ ಅಮಾವಾಸ್ಯೆಗೆ ಹತ್ತಿರದ ಶುಕ್ರವಾರ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಸಾಫಿ, ಸಿಗಡಿ ತಂದೆ. ಸಾಫಿ ಇಲ್ಲಿನವರ ಮುದ್ದಿನ ಮೀನು, ಅಂಗೈಯಗಲ, ಮುಳ್ಳು ಜಾಸ್ತಿ. ಅವನು ಅದನ್ನು 'ಅರಬ್ಬಿ ಕಾಣೆ' ಎಂದು ಕರೆದು ಊರಿನ ಕಾಣೆ ಮೀನಿಗೆ ಅವಮಾನ ಮಾಡುತ್ತಿದ್ದ. ಮಲಯಾಳಿ ಅಂಗಡಿಯಲ್ಲಿ ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಳೆಲೆ ಸಿಕ್ಕಿತು. ಕೊನೆಯ ಗಳಿಗೆಯಲ್ಲಿ ಎರಡು ಬಂಗುಡೆಯನ್ನೂ ಕೊಂಡೆ. ಬಂಟ್ವಾಳದವನ ಸಲಹೆ ವೈನಿನ ಕಡೆಯಿಂದ ಸರಿ. ಉಣ್ಣುವವನ ಕಡೆಯಿಂದಲೂ ಒಬ್ಬ ವಕೀಲ ಬೇಕಲ್ಲ.

ಎರಡು ತಿಂಗಳ ಮೇಲೆ ಗವಿಯಲ್ಲಿ ಎಣ್ಣೆ ಕಾಯಿತು. ಸಾಫಿಗೆ ಉಪ್ಪು, ಅರಸಿನ, ಕಾಳುಮೆಣಸು, ಅಷ್ಟೇ. ಸಿಗಡಿಗೆ ತೆಂಗಿನಹಾಲು, ಒಂದೆರಡು ಸೀಳಿದ ಹಸಿಮೆಣಸು. ಬಂಗುಡೆಗೆ ಮಾತ್ರ ಅವನ ಕ್ರಮದಲ್ಲೇ ಮೆಣಸು ಅರೆದೆ. ಕಣ್ಣಲ್ಲಿ ನೀರು ಬಂತು. ಮೆಣಸಿನದೇ ಎಂದು ದಾಖಲಿಸುತ್ತೇನೆ. ನೀರುದೋಸೆಯ ಮೊದಲ ಮೂರು ಹರಿದವು, ಅವನ್ನು ನಿಂತಲ್ಲೇ ತಿಂದೆ. ಮುಂಚೆ ಹರಿದದ್ದು ನನಗೆ, ನೆಟ್ಟಗಿದ್ದದ್ದು ಅವನಿಗೆ ಎಂಬ ಒಪ್ಪಂದವಿತ್ತು.

ಅವನು ಕೂರುವ ಜಾಗದಲ್ಲಿ, ಟಿವಿಗೆ ಎದುರಾಗಿ, ಎಲೆ ಹಾಕಿದೆ. ಎಲ್ಲವನ್ನೂ ಬಡಿಸಿದೆ. ವೈನ್ ಯಾವುದರಲ್ಲಿ ಕೊಡುವುದು ಎಂಬ ಪ್ರಶ್ನೆ ಬಂತು. ಕಾಲುಳ್ಳ ಗಾಜಿನ ಲೋಟ ನಮ್ಮಲ್ಲಿಲ್ಲ, ಇದ್ದಿದ್ದರೂ ಅವನು ಅದನ್ನು ಕೈಯಲ್ಲಿ ಹಿಡಿದು ನಗುತ್ತಿದ್ದ. ಅವನ ಸ್ಟೀಲಿನ ಲೋಟಕ್ಕೇ ಹೊಯ್ದೆ. ತಣ್ಣಗಿನ ವೈನ್ ಬಿದ್ದದ್ದೇ ಲೋಟದ ಹೊರಮೈ ಮಂಜಾಯಿತು. ದೀಪ ಹಚ್ಚಿ, "ಬಾ, ಉಣ್ಣು. ಅಕ್ಕ ಹೇಳಿದ್ದಾರೆ," ಎಂದೆ. ನನ್ನ ಹೆಸರಿನಲ್ಲಿ ಕರೆಯುವ ಧೈರ್ಯವಾಗಲಿಲ್ಲ. ಹೊರಗೆ ಬಂದು ಬಾಗಿಲು ಎಳೆದೆ.

ಕಟಕ್ ಎಂದಿತು.

ನಮ್ಮ ಬಾಗಿಲಿಗೆ ಎಳೆದರೆ ತಾನೇ ಬೀಳುವ ಬೀಗ. ಹೊರಗಿನಿಂದ ಕೀಲಿ ಬೇಕು. ಕೀಲಿ ಒಳಗೆ, ಪ್ಯಾಂಟಿನ ಜೇಬಿನಲ್ಲಿ. ನಾನು ಹೊರಗೆ, ಪಂಚೆಯಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಆ ಬೀಗ ಒಮ್ಮೆಯೂ ನಮ್ಮನ್ನು ಕಾಡಿರಲಿಲ್ಲ. ಇಬ್ಬರಿದ್ದಾಗ ಅದೊಂದು ಬೀಗವೇ ಅಲ್ಲ. ಹೊರಗೆ ಬಿದ್ದವನು ತಟ್ಟುತ್ತಾನೆ, ಒಳಗಿರುವವನು ಬೈಯುತ್ತಾ ಬಂದು ತೆಗೆಯುತ್ತಾನೆ.

ಆಟಿ ತಿಂಗಳೆಂದರೆ ಇಲ್ಲಿ ನಡುಬೇಸಿಗೆ. ಏಸಿ ಇಲ್ಲದ ಕಾರಿಡಾರಿನಲ್ಲಿ ನಿಂತರೆ ಮನುಷ್ಯ ನಿಂತಲ್ಲೇ ಹಬೆಗೆ ಬೇಯುತ್ತಾನೆ. ಸುಮಾರು ಹೊತ್ತಿನ ಮೇಲೆ ನಾತೂರ್ ಬಂದ. ನಾತೂರ್ ಅಂದರೆ ಇಲ್ಲಿ ಕಟ್ಟಡ ನೋಡಿಕೊಳ್ಳುವವನು. ನಮ್ಮವನು ಹೊಸಬ, ಬಂಗಾಳಿ, ಬಂದು ಒಂದು ತಿಂಗಳಾಗಿತ್ತು, ಗೆಳೆಯನನ್ನು ಕಂಡವನಲ್ಲ. ನಮ್ಮ ಮಾತು ಹಿಂದಿಯಲ್ಲಿ.

"ಚಾವಿ ಒಳಗಾ?" ಎಂದ.

"ಹೌದು."

"ಒಳಗೆ ಯಾರಾದ್ರೂ ಇದ್ದಾರಾ?"

ಸುಳ್ಳು ಹೇಳಬಾರದ ಹೊತ್ತು ಅದು. "ದೋಸ್ತ್ ಇದ್ದಾನೆ," ಎಂದೆ.

"ಹಾಗಾದ್ರೆ ತಟ್ಟಿ, ತೆಗೀತಾನೆ."

"ಅವನು ಊಟ ಮಾಡ್ತಾ ಇದ್ದಾನೆ."

ಊಟ ಮಾಡುವವನಿಗೆ ಕಿವಿ ಇರುವುದಿಲ್ಲವೇ ಎಂಬಂತೆ ನೋಡಿ, ಅವನೇ ತಟ್ಟಿದ. ಕಾದ. ಬಾಗಿಲಿಗೆ ಕಿವಿಯಿಟ್ಟ. ಪುನಃ ತಟ್ಟಿ, ಗೌರವದಿಂದ, "ಭಾಯಿಸಾಬ್," ಎಂದು ಕರೆದ. ನಾನೂ ಅವನೂ ಇಬ್ಬರೂ ಉಸಿರು ಹಿಡಿದು ಕೇಳಿಸಿಕೊಂಡೆವು. ಅವನು ಕೇಳಿಸಿಕೊಂಡದ್ದು ನನಗೆ ಅರ್ಥವಾಗುತ್ತದೆ. ನಾನು ಯಾಕೆ ಕೇಳಿಸಿಕೊಂಡೆ ಎಂದು ಈಗಲೂ ಯೋಚಿಸುತ್ತೇನೆ.

"ಮಲಗಿರಬೇಕು," ಎಂದು ನಾತೂರ್ ತೀರ್ಮಾನಿಸಿ, ಕಟ್ಟಡದ ಮಾಲೀಕನ ಹತ್ತಿರ ಇನ್ನೊಂದು ಕೀಲಿ ಕೇಳಲು ಹೋದ. ಅದು ಸಿಗಲು ತಡವಾಯಿತು. ಅವನು ಮರಳುವಾಗ ಬಾಗಿಲು ಮುಚ್ಚಿ ಮುಕ್ಕಾಲು ಗಂಟೆ ದಾಟಿತ್ತು. ಬೀಗ ತೆಗೆದವನು ಒಳಗೆ ಇಣುಕುವ ಮೊದಲೇ ನಾನು ಅಡ್ಡ ನಿಂತು ಶುಕ್ರಿಯಾ ಹೇಳಿದೆ. ಹೋಗುವಾಗ ಅವನು, "ದೋಸ್ತಿಗೆ ಹೇಳಿ, ಬಾಗಿಲು ತಟ್ಟಿದರೆ ಏಳಬೇಕು ಅಂತ," ಎಂದ. ಹೇಳುತ್ತೇನೆ ಎಂದೆ.

ಪದ್ಧತಿ ಪ್ರಕಾರ ಕೆಮ್ಮಿದೆ. ಒಳಗೆ ಹೋದೆ. ದೀಪ ಉರಿಯುತ್ತಿತ್ತು. ಲೋಟ ಬೆವರಿ ಅದರ ಬುಡದ ಸುತ್ತ ಒಂದು ನೀರಿನ ಉಂಗುರ. ಒಳಗಿನ ಮಟ್ಟ ಇಳಿದಿದೆಯೇ ಎಂದು ಬಗ್ಗಿ ನೋಡಿದೆ. ಇಪ್ಪತ್ತು ವರ್ಷದ ಸ್ಟೋರ್‌ಕೀಪರ್ ಆಗಿಯೂ ನಾನು ಮಟ್ಟ ಗುರುತು ಮಾಡಿರಲಿಲ್ಲ.

ಆ ಎಲೆಯ ಮುಂದೆ ಕೂತು ಒಬ್ಬನೇ ಉಂಡೆ. ಮನೆಮಂದಿ ಎಂದರೆ ನಾನೇ. ವೈನ್ ಆಗಲೇ ತಂಪು ಕಳೆದುಕೊಂಡಿತ್ತು. ಆದರೂ ಹೇಳುತ್ತೇನೆ: ಮೊದಲು ಲಿಂಬೆಯ ಹುಳಿ, ಆಮೇಲೆ ಹಸಿರು ಸೇಬು, ನುಂಗಿದ ಮೇಲೆ ಬಾದಾಮಿ ಸಿಪ್ಪೆಯ ಹಾಗೆ ಒಂದು ಸಣ್ಣ ಕಹಿ. ಸಾಫಿಯ ಉಪ್ಪಿಗೆ ಅದು ಚೆನ್ನಾಗಿ ಕೂತಿತು. ಕರಿದ ಚರ್ಮದ ಎಣ್ಣೆಯನ್ನು ನಾಲಿಗೆಯಿಂದ ಒರೆಸಿಕೊಂಡು ಹೋಗುತ್ತಿತ್ತು. ತೆಂಗಿನಹಾಲಿನ ಸಿಗಡಿ, ನೀರುದೋಸೆ ಜೊತೆಗೆ ಇನ್ನೂ ಚೆಂದ. ಸಪ್ಪೆಗೆ ಸಪ್ಪೆ ಎಂದುಕೊಂಡಿದ್ದೆ, ಹಾಗಲ್ಲ, ಒಂದರ ಸಿಹಿಯನ್ನು ಇನ್ನೊಂದರ ಹುಳಿ ಎತ್ತಿಕೊಡುತ್ತಿತ್ತು. ಬಂಗುಡೆ ಪುಳಿಮುಂಚಿ ಬಾಯಿಗಿಟ್ಟ ಮೇಲೆ ವೈನ್ ಬಂಟ್ವಾಳದವನು ಹೇಳಿದಂತೆಯೇ ಕಾಣೆಯಾಯಿತು. ಬರೀ ನೀರು. ಆದರೆ ಅಂದು ಎಲೆಯಲ್ಲಿ ನಾನು ಪೂರ್ತಿ ತಿಂದು ಮುಗಿಸಿದ್ದು ಬಂಗುಡೆಯನ್ನೇ.

ಅವನಿದ್ದಿದ್ದರೆ ಒಂದು ಗುಟುಕು ಕುಡಿದು ಏನನ್ನುತ್ತಿದ್ದನೆಂದು ನನಗೆ ಗೊತ್ತು. "ಇದು ಕಳ್ಳಲ್ಲ ಮಾರಾಯ. ಕಳ್ಳಿನ ಮನೆಗೆ ಬಂದ ಅಳಿಯ." ಆಮೇಲೆ ಇನ್ನೊಂದು ಲೋಟ ಕೇಳುತ್ತಿದ್ದ. ಈ ಮಾತನ್ನು ನಾನೇ ಅವನ ದನಿಯಲ್ಲಿ ಹೇಳಿ ನೋಡಿದೆ. ಗವಿಯಲ್ಲಿ ಮಾತಾಡಿದರೆ ಪ್ರತಿಧ್ವನಿ ಬರಬೇಕೆಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ನಮ್ಮದರಲ್ಲಿ ಬರುವುದಿಲ್ಲ; ಸೋಫಾ ಇದೆ, ಅವನ ಬಟ್ಟೆಗಳಿವೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕ್ರಮವಾಗಿ ವರದಿ ಒಪ್ಪಿಸಿದೆ: ಎಲೆ, ಮೀನು, ದೋಸೆ, ಇಟಲಿಯ ಬಳ್ಳಿ. ಬೀಗದ ವಿಷಯ ಮುಚ್ಚಿಡಬೇಕೆಂದಿದ್ದೆ.

"ಬಾಗಿಲು ಎಷ್ಟು ಹೊತ್ತು ಮುಚ್ಚಿದ್ರಿ?"

"ಮುಕ್ಕಾಲು ಗಂಟೆ," ಎಂದೆ. ಬೇರೆ ಸಂಖ್ಯೆ ಬಾಯಿಗೆ ಬರಲಿಲ್ಲ. ಯಾಕೆ ಎಂದೂ ಹೇಳಿದೆ.

ಕೆಲಸ ಕೆಡಿಸಿದೆ ಎಂದುಕೊಂಡೆ.

"ಇಲ್ಲಿ ಐದು ನಿಮಿಷಕ್ಕೆ ತೆಗೀತಾರೆ," ಎಂದರು ಅಕ್ಕ. "ಮಕ್ಕಳಿಗೆ ಹಸಿವೆ ಅಂತ. ಅಣ್ಣನಿಗೆ ಮೀಟಿಂಗ್ ಅಂತ. ಅವ ಸಣ್ಣದಿರುವಾಗಲೇ ನಿಧಾನಕ್ಕೆ ಉಣ್ಣುವವ. ಎಲ್ಲರೂ ಎದ್ದು ಹೋದ ಮೇಲೂ ಕೂತಿರ್ತಿದ್ದ." ಮತ್ತೆ ಕೇಳಿದರು: "ನೀನು ಉಂಡಿಯಾ?"

"ಉಂಡೆ ಅಕ್ಕ."

ಬಾಟಲಿಯಲ್ಲಿ ಉಳಿದದ್ದನ್ನು ಬಂಟ್ವಾಳದವನ ಮಾತಿನಂತೆ ಮೂರು ದಿನದಲ್ಲಿ ಮುಗಿಸಿದೆ, ಎರಡನೆಯ ದಿನ ಉಳಿದ ಸಾಫಿಯ ಜೊತೆ, ಮೂರನೆಯ ದಿನ ಬರೀ ದೋಸೆಯ ಜೊತೆ. ಮನೆಯ ಕೀಲಿಯ ಇನ್ನೊಂದು ಪ್ರತಿ ಮಾಡಿಸಿ ನಾತೂರ್ ಹತ್ತಿರ ಕೊಟ್ಟಿದ್ದೇನೆ. ಅಕ್ಕನಿಗೆ ಆ ಕನಸು ಮತ್ತೆ ಬೀಳಲಿಲ್ಲ.